ಹಳೇ ಲ್ಯಾಪ್‌ಟಾಪ್‌ಗೆ ಯಾವುದು ಸರಿ: ವಿಂಡೋಸ್ 10, 11, ಇಲ್ಲಾ ಲಿನಕ್ಸ್ ಮಿಂಟ್?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ನಮ್ಮ ಮನೆಯ ಲ್ಯಾಪ್‌ಟಾಪ್ 7ನೇ ಜನರೇಶನ್ ಐ5, 8 ಜಿಬಿ ರ್‍ಯಾಮ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಹೆಚ್ಚುಕಮ್ಮಿ 8ನೇ ಜನರೇಶನ್‌ನಿಂದ ಮುಂದಿನದು ಬೇಕು. ಅದು ಕೇಳುವ ಸುರಕ್ಷತಾ ಸೌಲಭ್ಯಗಳಾದ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ನಮ್ಮದರಲ್ಲಿವೆ, ಪ್ರೊಸೆಸರ್ ಮಾತ್ರ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿಲ್ಲ. ಅದೇ 7ನೇ ಜನರೇಶನ್ನಿನ ಐ7-7820ಎಚ್‌ಕ್ಯೂ ಪಟ್ಟಿಗೆ ಸೇರಿದೆ. ಅದು ಮೈಕ್ರೋಸಾಫ್ಟ್‌ನ ಸ್ವಂತ ಸರ್ಫೇಸ್ ಸ್ಟುಡಿಯೋ 2ರಲ್ಲಿರುವ ಚಿಪ್ಪು. ಇರಲಿ.

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮನಸ್ಸಿರಲಿಲ್ಲ. ಮೊದಲು ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆ. ಮುಂದೆ ಬರೆಯುವ ಹೋಲಿಕೆಯೆಲ್ಲ ಅದಾದ ಮೇಲಿನದು. ನಿಮ್ಮದರಲ್ಲಿ ಇನ್ನೂ ಹಳೇ ತಿರುಗುವ ಡಿಸ್ಕ್ ಇದ್ದರೆ, ವಿಂಡೋಸ್, ಮಿಂಟ್ ಹೀಗೆ ಯಾವ ಓಎಸ್ ಹಾಕಿದರೂ ಆಮೆ ನಡಿಗೆಯೇ. ದುಡ್ಡು ಹಾಕುವುದಿದ್ದರೆ ಮೊದಲು ಅದಕ್ಕೆ ಹಾಕಿ.

ವಿಂಡೋಸ್ 10ರಲ್ಲೇ ಉಳಿಯುವುದು ಎಲ್ಲಕ್ಕಿಂತ ಸುಲಭ. ಇಎಸ್‌ಯು ಎಂಬ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಬರುತ್ತದೆ. ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ಅಲ್ಲೇ ಸೇರುವ ಲಿಂಕ್ ಕಾಣುತ್ತದೆ. 30 ಡಾಲರ್ ಕೊಡಬಹುದು, ಇಲ್ಲಾ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್ ಕೊಡಬಹುದು, ಇಲ್ಲಾ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ ಪುಕ್ಕಟೆ ಪಡೆಯಬಹುದು. ನಾನು ಮೂರನೆಯದನ್ನೇ ಹಿಡಿದೆ. ಒಂದು ಎಚ್ಚರಿಕೆ: ಈ ಬ್ಯಾಕಪ್ ಹೋಗುವುದು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ, ಅಲ್ಲಿ ಉಚಿತ ಜಾಗ ಬರೀ 5 ಜಿಬಿ. ಸೆಟ್ಟಿಂಗ್ಸ್ ಮಾತ್ರ ಬಿಟ್ಟು, ಫೋಟೋ, ಡಾಕ್ಯುಮೆಂಟ್ ಫೋಲ್ಡರ್‌ಗಳ ಟಿಕ್ ತೆಗೆದುಬಿಡಿ. ಇಲ್ಲದಿದ್ದರೆ ಜಾಗ ತುಂಬಿತು, ದುಡ್ಡು ಕೊಡಿ ಎಂಬ ಕಾಟ ಶುರುವಾಗುತ್ತದೆ. ಹೊಸದೇನೂ ಸಿಗುವುದಿಲ್ಲ, ಹಳೆಯದೇನೂ ಕೆಡುವುದಿಲ್ಲ. ಅಷ್ಟೇ.

ವಿಂಡೋಸ್ 11ನ್ನು ರೂಫಸ್ ಎಂಬ ಚಿಕ್ಕ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಟಿಪಿಎಂ, ಸೆಕ್ಯೂರ್ ಬೂಟ್, ರ್‍ಯಾಮ್ ತಪಾಸಣೆ ತೆಗೆಯಲೇ ಎಂದು ಅದು ತಾನಾಗಿಯೇ ಕೇಳುತ್ತದೆ. ಇನ್‌ಸ್ಟಾಲ್ ಸಲೀಸಾಗಿ ಆಯಿತು. ಓಡುತ್ತದೆ ಕೂಡ. ಆದರೆ ಏನೂ ತೆರೆಯದೆ ಸುಮ್ನೆ ಇಟ್ಟಾಗಲೇ 8 ಜಿಬಿಯಲ್ಲಿ ಸುಮಾರು ಅರ್ಧ ಅದಕ್ಕೇ ಹೋಗುತ್ತದೆ. ಕ್ರೋಮ್‌ನಲ್ಲಿ ಹತ್ತಾರು ಟ್ಯಾಬ್ ತೆರೆದಿಟ್ಟು ವಿಡಿಯೋ ಕಾಲ್ ಮಾಡಿದರೆ ಫ್ಯಾನ್ ಕೂಗಾಡುತ್ತದೆ. ರೈಟ್ ಕ್ಲಿಕ್ ಮಾಡಿದಾಗಲೆಲ್ಲ ಬೇಕಾದ್ದು ‘ಶೋ ಮೋರ್ ಆಪ್ಷನ್ಸ್’ ಒಳಗೆ ಅಡಗಿರುತ್ತದೆ, ಅದು ನನಗೆ ಕೊನೆಗೂ ಅಭ್ಯಾಸ ಆಗಲಿಲ್ಲ.

ನಿಜವಾದ ತಲೆನೋವು ಬೇರೆ. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ನೇರವಾಗಿಯೇ ಹೇಳಿದೆ. ತಿಂಗಳ ಅಪ್‌ಡೇಟ್ ನನಗೆ ಬಂದವು. ಆದರೆ ವರ್ಷದ ದೊಡ್ಡ ಆವೃತ್ತಿಯನ್ನು ಮತ್ತೆ 5 ಜಿಬಿಗೂ ಜಾಸ್ತಿಯ ಫೈಲ್ ಇಳಿಸಿಕೊಂಡು ನಾವೇ ಹಾಕಬೇಕು. ನಾನು ಹಾಕಿದ್ದು 24ಎಚ್2. ಅದರ ಹೋಮ್ ಆವೃತ್ತಿಗೆ ಬೆಂಬಲ ಮುಗಿಯುವುದೂ 2026ರ ಅಕ್ಟೋಬರ್ 13ಕ್ಕೇ! ಅಂದರೆ ಇಷ್ಟೆಲ್ಲ ಕಸರತ್ತು ಮಾಡಿ ಗಳಿಸಿದ ಸಮಯ ವಿಂಡೋಸ್ 10ರಷ್ಟೇ. ನಿಮ್ಮ ಯಂತ್ರ ಪಟ್ಟಿಯಲ್ಲಿದ್ದರೆ ಮಾತು ಬೇರೆ. ಆಗ ಯೋಚನೆಯೇ ಬೇಡ, 11ಕ್ಕೆ ಹೋಗಿ.

ಲಿನಕ್ಸ್ ಮಿಂಟ್ 22ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದು ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಓಎಸ್, ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರ ಏಪ್ರಿಲ್‌ವರೆಗೆ ಬೆಂಬಲವಿದೆ, ಪುಕ್ಕಟೆ. ಇನ್‌ಸ್ಟಾಲ್ ಮಾಡುವ ಮೊದಲೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಬಹುದು. ವೈಫೈ, ಸೌಂಡ್, ಕ್ಯಾಮೆರಾ, ಬ್ಲೂಟೂತ್ ನಾಲ್ಕನ್ನೂ ಅಲ್ಲೇ ಪರೀಕ್ಷಿಸಿ. ಆ ಹಂತದಲ್ಲಿ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ನಮ್ಮದರಲ್ಲಿ ನಾಲ್ಕೂ ನಡೆದವು. ರ್‍ಯಾಮ್ ಬಳಕೆ ವಿಂಡೋಸ್ 11ರ ಅರ್ಧಕ್ಕಿಂತ ಕಡಿಮೆ. ಫ್ಯಾನ್ ಇದೆಯೋ ಇಲ್ಲವೋ ಅನ್ನಿಸುತ್ತದೆ. ಬ್ಯಾಂಕು, ಆದಾಯ ತೆರಿಗೆ ರಿಟರ್ನ್, ಯೂಟ್ಯೂಬ್ ಎಲ್ಲ ಬ್ರೌಸರಿನಲ್ಲೇ ನಡೆಯುವ ಕೆಲಸ, ಫೈರ್‌ಫಾಕ್ಸ್‌ನಲ್ಲಿ ಒಂದೂ ತಕರಾರಿಲ್ಲ.

ಆದರೆ ಮನೆಯಲ್ಲಿ ಅಪ್ಪ ಇದ್ದಾರೆ. ಅವರು ಇಪ್ಪತ್ತು ವರ್ಷ ಬರೆದದ್ದೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿದೆ, ಅದೂ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ) ಅಲ್ಲದ ಹಳೇ ನುಡಿ ಫಾಂಟಿನಲ್ಲಿ. "ಏನು ಬೇಕಾದ್ರೂ ಹಾಕ್ಕೋ ಮಾರಾಯ, ನನ್ನ ಫೈಲು ಮಾತ್ರ ಕೆಡಿಸ್ಬೇಡ" ಅಂದರು. ಮಿಂಟ್‌ನ ಲಿಬ್ರೆ ಆಫೀಸಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ನುಡಿಯ ಫಾಂಟ್ ಫೈಲ್‌ಗಳನ್ನು ವಿಂಡೋಸ್‌ನಿಂದ ತಂದು ಹಾಕಿದ ಮೇಲೆ ಕನ್ನಡ ಕಂಡಿತು. ಓದುವುದಕ್ಕೆ ಸಾಕು. ತಿದ್ದುವುದು ಬೇರೆ ಕಥೆ, ಆ ಹಳೇ ಫಾಂಟಿಗೆ ಟೈಪ್ ಮಾಡಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸ್‌ನದು.

ಹೊಸದಾಗಿ ಯೂನಿಕೋಡ್‌ನಲ್ಲಿ ಬರೆಯುವುದಾದರೆ ಮಿಂಟ್ ಏನೂ ಕಡಿಮೆ ಇಲ್ಲ. ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿ, ಕನ್ನಡದಡಿ ಕೆಜಿಪಿ ಆರಿಸಿಕೊಂಡರೆ ನುಡಿಯ ಅದೇ ಕೀಲಿಮಣೆ ಸಿಗುತ್ತದೆ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಅಪ್ಪನ ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಒಳಗೇ ಇರುವ ಕನ್ನಡ ಫೊನೆಟಿಕ್ ಬೇರೆ ರೀತಿಯದು, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಬರೆದರೆ ಕನ್ನಡವಾಗುತ್ತದೆ. ನನಗೆ ಅದೇ ಇಷ್ಟ, ಅಪ್ಪನಿಗೆ ಕಂಡರಾಗದು.

ಪ್ರಿಂಟರ್ ಮಾತ್ರ ಮಿಂಟ್‌ನಲ್ಲಿ ಕೈಕೊಟ್ಟಿತು. ನಮ್ಮದು ಹಳೇ ಲೇಸರ್ ಪ್ರಿಂಟರ್, ಅದರ ಕಂಪನಿಯದೇ ಡ್ರೈವರ್ ಇಲ್ಲದೆ ಅಲುಗಾಡುವುದಿಲ್ಲ. ಇತ್ತೀಚಿನ ವೈಫೈ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಬೇರೆ ಡ್ರೈವರ್ ಹಾಕದೆಯೇ ನಡೆಯುತ್ತವೆ. ಟ್ಯಾಲಿ ಬಳಸುವ ಅಂಗಡಿಯವರು ಮಿಂಟ್ ಆಸೆ ಬಿಡಿ. ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಕೆಲಸ ಮಾಡುವವರೂ ಸಲೀಸಾಗಿ ನಡೆಯುತ್ತದೆ ಎಂದುಕೊಳ್ಳಬೇಡಿ.

ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಎಂಬ ಇನ್ನೊಂದು ಓಎಸ್ ಕೂಡ ನೋಡಿದೆ. ಬ್ರೌಸರ್ ಬಿಟ್ಟರೆ ಹೆಚ್ಚೇನಿಲ್ಲ, ಆಂಡ್ರಾಯ್ಡ್ ಆ್ಯಪ್ ಓಡುವುದಿಲ್ಲ. ನಮಗೆ ಸಾಲದು.

ಕೊನೆಗೆ 11ನ್ನು ಅಳಿಸಿ, ವಿಂಡೋಸ್ 10 ಮತ್ತು ಮಿಂಟ್ ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟೆ. ದಿನದ ಬಳಕೆಗೆ ಮಿಂಟ್, ಪ್ರಿಂಟ್ ಮತ್ತು ನುಡಿಗೆ 10. ಇಎಸ್‌ಯು ಮುಗಿಯುವುದರೊಳಗೆ ಅಪ್ಪನ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಿ ಮುಗಿಸುವ ಅಂದಾಜು. ನೀವೂ ಹೀಗೇ ಮಾಡುವುದಾದರೆ ವಿಂಡೋಸ್ ಮೊದಲು, ಮಿಂಟ್ ಆಮೇಲೆ. ಶುರುವಿಗೆ ಮುಂಚೆ ಎಲ್ಲವನ್ನೂ ಬೇರೆ ಡಿಸ್ಕಿಗೆ ಬ್ಯಾಕಪ್ ಮಾಡಿ. ಮಿಂಟ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಬ್ಯಾಟರಿ ಸೆಲ್ ಹೋಯಿತೆಂದು ಅಂಗಡಿಗೆ ಓಡಬೇಡಿ. ಲಿನಕ್ಸ್ ಗ್ರೀನ್‌ವಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಮಿಂಟ್ ಕಡೆ ಸ್ಥಳೀಯ ಸಮಯವನ್ನೇ ಬರೆದಿಡುವಂತೆ ಟರ್ಮಿನಲ್‌ನಲ್ಲಿ ಒಂದು ಸಾಲು ಕೊಟ್ಟರೆ ಸರಿಹೋಗುತ್ತದೆ.