ಮರ ನೆಡುವ ಸರ್ಚ್‌ಗೆ ಯಾವ ಬ್ರೌಸರ್? ನನ್ನ ಮತ ವಿವಾಲ್ಡಿಗೆ

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. 18 ಸಾವಿರ ರೂಪಾಯಿ, 4 ಜಿಬಿ ರ‍್ಯಾಮ್. ಅದರಲ್ಲಿ ಸರ್ಚ್ ಮಾಡುವುದಿದ್ದರೆ ಜಾಹೀರಾತಿನ ದುಡ್ಡಲ್ಲಿ ಮರ ನೆಡಿಸುವ ಸರ್ಚ್ ಎಂಜಿನ್ ಎಕೋಸಿಯಾದಲ್ಲೇ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಮೂರು ದಾರಿ ನೋಡಿದೆ. ಲ್ಯಾಪ್‌ಟಾಪಿನಲ್ಲಿ ಇದ್ದ ಬ್ರೌಸರಿಗೇ ಎಕೋಸಿಯಾ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಮೇಲಿಂದ ಸೇರಿಸುವ ಪುಟ್ಟ ತಂತ್ರಾಂಶ) ಹಾಕುವುದು ಒಂದು. ಎಕೋಸಿಯಾದವರದೇ ಬ್ರೌಸರ್ ಇನ್ನೊಂದು. ಮೂರನೆಯದು ವಿವಾಲ್ಡಿ. ಈಗ ನನ್ನ ಬಳಿ ಉಳಿದದ್ದು ವಿವಾಲ್ಡಿ.

ಎಕೋಸಿಯಾವೇ ಯಾಕೆ ಅಂದರೆ, ನಮ್ಮ ಮನೆ ಸಿರ್ಸಿಯಿಂದ ಸಾಲ್ಕಣಿ ಕಡೆ ಹೋಗುವ ದಾರಿಯಲ್ಲಿದೆ. 1983ರ ಸೆಪ್ಟೆಂಬರಿನಲ್ಲಿ ಆ ಊರಿನವರು ಕೊಡಲಿಗೆ ಅಡ್ಡವಾಗಿ ಮರ ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಅಲ್ಲಿ. ಸೊಪ್ಪಿನ ಬೆಟ್ಟದಿಂದ ದರಕು (ಗೊಬ್ಬರಕ್ಕೆ ಬೇಕಾದ ಒಣ ಎಲೆ) ಬರದಿದ್ದರೆ ಅಡಿಕೆ ತೋಟ ಇಲ್ಲ ಅನ್ನುವುದನ್ನು ಕಣ್ಣಾರೆ ನೋಡಿ ಬೆಳೆದವರು ನಾವು. ಜಾಹೀರಾತಿನ ದುಡ್ಡು ಯಾರಿಗೋ ಹೋಗುವುದೇ ಆದರೆ ಮರಕ್ಕೆ ಹೋಗಲಿ, ಅಲ್ವಾ?

2009ರಲ್ಲಿ ಕ್ರಿಸ್ಟಿಯಾನ್ ಕ್ರೋಲ್ ಶುರು ಮಾಡಿದ ಬರ್ಲಿನ್ನಿನ ಕಂಪನಿ ಎಕೋಸಿಯಾ. 2018ರಲ್ಲಿ ಅದನ್ನು ಯಾರೂ ಮಾರಲಾಗದ, ಲಾಭ ಮನೆಗೆ ಒಯ್ಯಲಾಗದ ಹಾಗೆ ಒಂದು ಫೌಂಡೇಶನ್ ಜೊತೆ ಕಟ್ಟಿಹಾಕಿದರು. ತಿಂಗಳ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಇಲ್ಲಿಯವರೆಗೆ 20 ಕೋಟಿಗೂ ಜಾಸ್ತಿ ಮರ ನೆಡಿಸಿದ್ದಾಗಿ ಹೇಳುತ್ತಾರೆ. ಲೆಕ್ಕ ತೋರಿಸುವವರ ಮೇಲೆ ನನಗೆ ನಂಬಿಕೆ ಬರುತ್ತದೆ.

ಈಗ ಎಕ್ಸ್‌ಟೆನ್ಶನ್ ಕಥೆ. ಹಾಕಲು ಎರಡು ನಿಮಿಷ ಸಾಕಾಯಿತು. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು "ಕೊಳೆ ರೋಗ ಬೋರ್ಡೋ ದ್ರಾವಣ" ಎಂದು ಹುಡುಕಿದರೆ ಬಂದದ್ದು ನಾನು ಕೇಳಿಯೇ ಇರದ ಯಾವುದೋ ಸರ್ಚ್ ಪುಟ. ಮೇಲಿಂದ ಕೆಳಗೆ ಬರೀ ಜಾಹೀರಾತು. ಸೆಟ್ಟಿಂಗ್ಸಿಗೆ ಹೋಗಿ ಸರಿ ಮಾಡಿದೆ. ಮಾರನೇ ದಿನ ಮತ್ತೆ ಅದೇ. ಹೀಗೆ ಒಂದು ವಾರ ನಡೆಯಿತು.

ಹುಡುಕುತ್ತಾ ಹೋದಾಗ ಮೂಲ ಸಿಕ್ಕಿತು. ಲ್ಯಾಪ್‌ಟಾಪ್ ಕೊಟ್ಟ ಅಂಗಡಿಯವರು ಒಂದು ಆಂಟಿವೈರಸ್ ಹಾಕಿಕೊಟ್ಟಿದ್ದರು. ಅದು ತನ್ನದೇ ಒಂದು ಎಕ್ಸ್‌ಟೆನ್ಶನ್ ತಂದು ಕೂರಿಸಿತ್ತು. ಎರಡು ಎಕ್ಸ್‌ಟೆನ್ಶನ್‌ಗಳು ಸರ್ಚ್ ತಮ್ಮದೇ ಅಂದರೆ ಕೊನೆಗೆ ಬಂದು ಸೇರಿದ್ದಕ್ಕೇ ಮಾತು. ಆಂಟಿವೈರಸ್ ತಂದದ್ದನ್ನು ನಾನು ತೆಗೆದೆ. ಲ್ಯಾಪ್‌ಟಾಪ್ ಮತ್ತೆ ಚಾಲೂ ಆದ ಕೂಡಲೇ ಆಂಟಿವೈರಸ್ ಅದನ್ನು ತಿರುಗಿ ತಂದು ಹಾಕಿತು.

ಕೊನೆಗೆ ಆ ಆಂಟಿವೈರಸ್ಸನ್ನೇ ಕಂಟ್ರೋಲ್ ಪ್ಯಾನಲ್‌ನಿಂದ ಕಿತ್ತು ಹಾಕಿದೆ. ಮುಗಿಯಿತು ಅಂದುಕೊಂಡರೆ ಇನ್ನೊಂದು. ಬ್ರೌಸರ್ ಒಂದು ಪೆಟ್ಟಿಗೆ ತೋರಿಸಿ ಕೇಳಿತು: ನಿಮ್ಮ ಸರ್ಚ್ ಬದಲಾಗಿದೆ, ಮೊದಲಿನ ಹಾಗೆ ಮಾಡಲೇ? ಆಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದವರು ಅಪ್ಪಯ್ಯ. ಅಡಿಕೆ ಧಾರಣೆ ನೋಡುತ್ತಿದ್ದರು. ಒಳ್ಳೆಯದಕ್ಕೇ ಕೇಳುತ್ತಿದೆ ಎಂದು ಹೌದು ಒತ್ತಿದರು. ಎಕೋಸಿಯಾ ಎಕ್ಸ್‌ಟೆನ್ಶನ್ ಬಂದ್. ಅವರ ತಪ್ಪೇನೂ ಇಲ್ಲ, ಯಾರಾದರೂ ಅದನ್ನೇ ಒತ್ತುತ್ತಿದ್ದರು. ಮೋಸದ ಎಕ್ಸ್‌ಟೆನ್ಶನ್‌ಗಳನ್ನು ತಡೆಯಲು ಇಟ್ಟ ಪ್ರಶ್ನೆ ಅದು, ಬೇಕಾದದ್ದೇ. ಆದರೆ ಮೇಲಿಂದ ಅಂಟಿಸಿದ್ದು ಎಷ್ಟು ಸುಲಭಕ್ಕೆ ಕಳಚುತ್ತದೆ ಎಂದು ಅವತ್ತು ಅರ್ಥವಾಯಿತು. ಸರ್ಚ್ ಅನ್ನುವುದು ಬ್ರೌಸರಿನ ಒಳಗೇ ಇರಬೇಕು.

ಎಕೋಸಿಯಾ ಬ್ರೌಸರ್ ಗೂಗಲ್ ಕ್ರೋಮ್‌ಗೂ ಅಡಿಪಾಯವಾದ ಕ್ರೋಮಿಯಂ ಮೇಲೆ ಕಟ್ಟಿದ್ದು, ಕಂಪ್ಯೂಟರಿಗೆ ಬಂದದ್ದು 2024ರಲ್ಲಿ. ಹಾಕಿದರೆ ಸಾಕು, ಬೇರೆ ಏನೂ ಮಾಡುವುದು ಬೇಡ. ಕುಮಟೆಯ ಅತ್ತೆಗೆ ಅದನ್ನೇ ಹಾಕಿಕೊಟ್ಟು ಬಂದೆ, ಆರಾಮಾಗಿ ಬಳಸುತ್ತಿದ್ದಾರೆ.

ನನಗೆ ವಿವಾಲ್ಡಿ ಹಿಡಿಸಿದ್ದು ನನ್ನ ಅಭ್ಯಾಸದಿಂದ. ನಾರ್ವೆಯ ಬ್ರೌಸರ್ ಇದು, ಕಟ್ಟಿದವರು ಹಿಂದೆ ಒಪೆರಾ ನಡೆಸಿದ್ದವರು. ಎಕೋಸಿಯಾ ಜೊತೆ ಇವರದು ಪಾಲುದಾರಿಕೆ, 2017ರಿಂದಲೇ ಅದು ಸರ್ಚ್ ಪಟ್ಟಿಯೊಳಗೆ ಇದೆ. ಸೆಟ್ಟಿಂಗ್ಸಿನಲ್ಲಿ ಒಮ್ಮೆ ಆರಿಸಿದರೆ ಆಯಿತು, ಎಕ್ಸ್‌ಟೆನ್ಶನ್ ಬೇಡ. ಇಂಥ ಪಾಲುದಾರ ಸರ್ಚ್‌ಗಳಿಂದ ಬರುವ ದುಡ್ಡೇ ವಿವಾಲ್ಡಿಗೆ ಮುಖ್ಯ ಆದಾಯ. ಹಾಗಾಗಿ ನಮಗೆ ಪುಕ್ಕಟೆ.

ಎಲ್ಲಕ್ಕಿಂತ ಉಪಯೋಗವಾದದ್ದು ಅಡ್ಡಹೆಸರು. ಒಂದೊಂದು ಸರ್ಚ್ ಎಂಜಿನ್ನಿಗೂ ಒಂದು ಅಕ್ಷರ ಕೊಡಬಹುದು. ಸುಮ್ನೆ ಬರೆದರೆ ಎಕೋಸಿಯಾ. ಮುಂದೆ ಇಂಗ್ಲಿಷಿನ ಜಿ ಹಾಕಿ ಜಾಗ ಬಿಟ್ಟು ಬರೆದರೆ ಗೂಗಲ್. ಕನ್ನಡ ವಿಕಿಪೀಡಿಯಕ್ಕೆ ನಾನು ಕೆ ಇಟ್ಟಿದ್ದೇನೆ. ಅಪ್ಪಯ್ಯನಿಗೆ ರಾಶಿ, ಚಾಲಿ ಅಡಿಕೆಯ ಧಾರಣೆ ಗೂಗಲ್‌ನಲ್ಲೇ ನೋಡಿ ರೂಢಿ. ಅವರು ಜಿ ಒತ್ತುತ್ತಾರೆ, ನನ್ನ ಸೆಟ್ಟಿಂಗ್ ಅಲುಗುವುದಿಲ್ಲ. ಹಿಂದೆ ತೆರೆದಿಟ್ಟ ಟ್ಯಾಬ್‌ಗಳನ್ನು ಮಲಗಿಸಿಡುವ ಸೌಲಭ್ಯವೂ ಇದೆ. 4 ಜಿಬಿಯ ನನ್ನ ಲ್ಯಾಪ್‌ಟಾಪಿಗೆ ಅದು ಬೇಕೇ ಬೇಕು.

ವಿವಾಲ್ಡಿ ಹಾಕಿಕೊಳ್ಳುವವರು ಒಂದು ಕಡೆ ಗಮನ ಕೊಡಿ. ಅದರೊಳಗೇ ಜಾಹೀರಾತು ತಡೆಯುವ ಸೆಟ್ಟಿಂಗ್ ಇದೆ. ಎಕೋಸಿಯಾಕ್ಕೆ ದುಡ್ಡು ಬರುವುದು ಸರ್ಚ್ ಮಾಡಿದ ಮಾತ್ರಕ್ಕೆ ಅಲ್ಲ, ಜಾಹೀರಾತಿನಿಂದ. ಅದನ್ನೇ ಪೂರ್ತಿ ತಡೆದುಬಿಟ್ಟರೆ ಮರಕ್ಕೆ ಏನು ಹೋಗುತ್ತದೆ? ನಾನು ನಮ್ಮ ಜಾಡು ಹಿಡಿಯುವ ಟ್ರ್ಯಾಕರ್ ಮಾತ್ರ ತಡೆಯುವುದಕ್ಕೆ ಇಟ್ಟಿದ್ದೇನೆ. ಎಕೋಸಿಯಾ ಪುಟದಲ್ಲಿ ವಿಳಾಸದ ಪಕ್ಕದ ಗುರಾಣಿ ಗುರುತು ಒತ್ತಿ ಯಾವ ತಡೆಯೂ ಇಲ್ಲದ ಹಾಗೆ ಮಾಡಿದ್ದೇನೆ. ಸ್ಪ್ರೇಯರ್ ತಗೊಳ್ಳುವುದಿತ್ತು ಮೊನ್ನೆ. ಅದರ ಜಾಹೀರಾತು ಅಲ್ಲೇ ಕಂಡಿತು, ಅಲ್ಲಿಂದಲೇ ಹೋಗಿ ನೋಡಿದೆ.