ಕೈ ನಿಲ್ಲಿಸಿದ್ರೆ ಅಳಿಸಿಬಿಡೋ ರೈಟಿಂಗ್ ಆ್ಯಪ್, ಯಾರಿಗೆ ಆಗುತ್ತೆ ಯಾರಿಗೆ ಆಗಲ್ಲ

ದಿ ಮೋಸ್ಟ್ ಡೇಂಜರಸ್ ರೈಟಿಂಗ್ ಆ್ಯಪ್ ಅಂತ ಒಂದಿದೆ, 2016ರಲ್ಲಿ ಬಂದಿದ್ದು, ಬ್ರೌಸರಲ್ಲೇ ಓಡುತ್ತೆ. 5 ನಿಮಿಷ ಅಂತ ಟೈಮ್ ಇಟ್ಕೊಂಡು ಟೈಪ್ ಮಾಡೋಕೆ ಶುರು ಮಾಡ್ಬೇಕು, ಮಧ್ಯ 5 ಸೆಕೆಂಡ್ ಕೈ ನಿಂತ್ರೆ ಬರೆದಿದ್ದೆಲ್ಲ ಢಮಾರ್. ಮೊದಲ ಸಾಲು ಸರಿಯಾಗೋವರೆಗೂ ಎರಡನೇ ಸಾಲಿಗೆ ಹೋಗದೆ, ಆ "ಆದರೆ" ತೆಗೀಲಾ ಬಿಡ್ಲಾ ಅಂತ ಅರ್ಧ ಗಂಟೆ ಕೂರೋ ನನ್ನಂಥೋರಿಗೆ ಇದು ಹೇಳಿ ಮಾಡಿಸಿದ್ದು, ಯಾಕಂದ್ರೆ ತಿದ್ದೋಕೆ ಪುರುಸೊತ್ತೇ ಕೊಡಲ್ಲ, ಅಕ್ಷರ ಮಸುಕಾಗ್ತಾ ಹೋಗೋದು ನೋಡಿದ್ರೆ ಬೆರಳು ತಾನಾಗೇ ಓಡುತ್ತೆ, "ಏನೂ ಹೊಳೀತಿಲ್ಲ ಏನೂ ಹೊಳೀತಿಲ್ಲ" ಅಂತ ಟೈಪ್ ಮಾಡ್ತಾ ಮಾಡ್ತಾನೇ ಕಥೆಯ ಮುಂದಿನ ಮಾತು ಬಂದ್ಬಿಡುತ್ತೆ. ಮುಕ್ಕಾಲು ಪಾಲು ಕಸಾನೇ ಅನ್ನಿ, ಆದ್ರೂ ತಿದ್ದೋಕೆ ಒಂದು ಡ್ರಾಫ್ಟ್ ಅಂತ ಕೈಗೆ ಸಿಗುತ್ತೆ.

ಅಂಕಿಅಂಶ, ಹೆಸರು ಎಲ್ಲ ನೋಡ್ಕೊಂಡು ಲೇಖನ ಬರೆಯೋರಿಗೆ ಇದು ಬೇಡ, 25 ನಿಮಿಷ ಕೆಲಸ, ಆಮೇಲೆ ಚಿಕ್ಕ ಬ್ರೇಕ್ ಅನ್ನೋ ಪೊಮೊಡೊರೊ ಟೈಮರೇ ವಾಸಿ. ಇನ್ನು ಶುರು ಮಾಡೋದನ್ನೇ ನಾಳೆ ನಾಡಿದ್ದು ಅಂತ ತಳ್ಳೋರಿದ್ದಾರಲ್ಲ (ನಾನೂ ಸೇರಿ), ಪೇಜ್ ಓಪನ್ ಮಾಡೋ ತನಕದ ಸೋಮಾರಿತನಕ್ಕೆ ಯಾವ ಆ್ಯಪಲ್ಲೂ ಮದ್ದಿಲ್ಲ. ಟ್ರೈ ಮಾಡೋದಾದ್ರೆ 3-5 ನಿಮಿಷದಿಂದ್ಲೇ ಶುರು ಮಾಡಿ, ಟೈಮ್ ಮುಗಿದ ತಕ್ಷಣ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ.