ಮೂರು ವರ್ಷ ಬಳಸಿದ ಕ್ಲಿಪ್ ಟ್ಯೂನರ್: ಆ ಒಂದು ಬಟನ್ ಬಗ್ಗೆ ಹೇಳ್ಲೇಬೇಕು

ಮೂರು ವರ್ಷದಿಂದ ಜ್ಯಾಮು, ಗಿಗ್ಗು, ಮನೇಲಿ ಪ್ರಾಕ್ಟೀಸು ಎಲ್ಲಾದಕ್ಕೂ ಒಂದೇ ಕ್ಲಿಪ್ ಟ್ಯೂನರ್ ಇಟ್ಕೊಂಡಿದೀನಿ, ಅಂದ್ರೆ ಗಿಟಾರಿಗೆ ಸಿಕ್ಕಿಸಿ ತಂತಿಗಳ ಶ್ರುತಿ ಸರಿ ಇದೆಯಾ ನೋಡೋ ಪುಟ್ಟ ಸಾಧನ. ಡಬ್ಬಿ ಮೇಲಿರೋ ಫೀಚರ್ಸ್ ಎಲ್ಲ ನೀವು ಓದಿರ್ತೀರ, ಅದನ್ನ ಬಿಟ್ಬಿಡ್ತೀನಿ. ಕಂಪನಿ ಹೆಸರೂ ಹೇಳಲ್ಲ. ನನಗಾದ ತೊಂದರೆ ಬೇರೆ ಮಾಡೆಲ್‌ಗಳಲ್ಲೂ ಇರಬಹುದು, ಕೊಳ್ಳೋ ಮುಂಚೆ ಕೈಯಲ್ಲಿ ಹಿಡಿದು ನೋಡ್ಕೋಬೇಕಾದ ವಿಷಯ ಅದು.

ಮೊದ್ಲು ಫೋನ್ ಆ್ಯಪ್‌ನಲ್ಲೇ ಟ್ಯೂನ್ ಮಾಡ್ತಿದ್ದೆ. ರೂಮಲ್ಲಿ ಒಬ್ನೇ ಇದ್ರೆ ಅದು ಸಾಕು, ಆದ್ರೆ ಡ್ರಮ್ಸ್ ಹುಡುಗ ಕೈ ಬಿಸಿ ಮಾಡ್ಕೊಳ್ತಾ ಇರ್ತಾನೆ, ಇನ್ನೊಬ್ಬ ಆಂಪ್ ಚೆಕ್ ಮಾಡ್ತಿರ್ತಾನೆ, ಆಗ ಫೋನಿನ ಮೈಕ್ ಎಲ್ಲರ ಸದ್ದನ್ನೂ ಕೇಳಿಸ್ಕೊಂಡು ಕಂಗಾಲಾಗತ್ತೆ. ಕ್ಲಿಪ್‌ದು ಹಾಗಲ್ಲ, ಒಳಗಿರೋ ಪೀಜೋ ಸೆನ್ಸರ್ ಹೆಡ್‌ಸ್ಟಾಕ್ (ಗಿಟಾರ್ ತುದಿಯಲ್ಲಿ ಕೀಗಳಿರೋ ಭಾಗ) ಮರದ ಅದುರನ್ನ ಹಿಡಿಯತ್ತೆ, ಗಾಳಿಯಲ್ಲಿ ಬರೋ ಸದ್ದನ್ನಲ್ಲ. ಮೊದಲನೇ ಸಲ ಅಷ್ಟು ಗಲಾಟೆ ಮಧ್ಯೆ ಮುಳ್ಳು ನೆಟ್ಟಗೆ ನಿಂತಿದ್ದು ನೋಡಿ ನಿಜವಾಗ್ಲೂ ಖುಷಿಯಾಯ್ತು.

ಈಗ ಅದು ದಿನದ ಅಭ್ಯಾಸ. ಗಿಟಾರ್ ಕೇಸಿಂದ ತೆಗೆದ ತಕ್ಷಣ ಟ್ಯೂನ್ ಮಾಡಲ್ಲ, ಹತ್ತು ನಿಮಿಷ ಹಾಗೇ ಬಿಡ್ತೀನಿ, ರೂಮಿನ ಬಿಸಿಗೋ ತಂಪಿಗೋ ತಂತಿಗಳು ಒಗ್ಗಿಕೊಳ್ಳಲಿ ಅಂತ. ಆಮೇಲೆ ಕ್ಲಿಪ್‌ನ ಹೆಡ್‌ಸ್ಟಾಕ್ ಹಿಂದೆ ಸಿಕ್ಕಿಸಿ, ಸ್ಕ್ರೀನು ನನ್ನ ಕಡೆ ತಿರುಗಿಸಿ, ಆರನೇ ತಂತಿಯಿಂದ ಶುರು. ಪಿಕ್ ಬೇಡ, ಹೆಬ್ಬೆರಳಿನ ಮೆತ್ತನೆ ಭಾಗದಲ್ಲಿ ಮೀಟ್ತೀನಿ, ಜೋರಾಗಿ ಮೀಟಿದ್ರೆ ಸ್ವರ ಮೊದಲು ಸ್ವಲ್ಪ ಮೇಲಕ್ಕೆ ಹೋಗಿ ಆಮೇಲೆ ಇಳಿದು ನಿಲ್ಲತ್ತೆ, ಯಾವ ಕ್ಷಣ ನಂಬೋದು ಗೊತ್ತಾಗಲ್ಲ. ತಂತಿ ಮೇಲಾಗಿದ್ರೆ ಒಂದಿಷ್ಟು ಜಾಸ್ತಿನೇ ಇಳಿಸಿ ಕೆಳಗಿಂದ ಏರಿಸ್ತೀನಿ, ಹಾಗೆ ಮಾಡಿದ್ರೆ ತಂತಿ ಬಿಗಿಯೋ ಕೀ ಸಡಿಲ ಬಿಡಲ್ಲ. ಒಂದನೇ ತಂತಿ ಮುಗಿದ ಮೇಲೆ ಮತ್ತೆ ಆರಕ್ಕೆ ವಾಪಸ್, ಆರೂ ತಂತಿಗೆ ಸ್ಕ್ರೀನು ಹಸಿರು ಬಂದ್ರೆ, ಅಂದ್ರೆ ಸರಿ ಇದೆ ಅಂತ ತೋರಿಸಿದ್ರೆ, ಒಂದು ಜಿ ಕಾರ್ಡ್ ಹಿಡಿದು ಪೂರ್ತಿ ಆರಿಹೋಗೋ ತನಕ ಕೇಳ್ತೀನಿ. ಆ ಒಂದೆರಡು ನಿಮಿಷ ನನಗೆ ಬಹಳ ಇಷ್ಟ.

ಇಷ್ಟೆಲ್ಲ ನಂಬಿಕೆ ಇಟ್ಟಿದ್ದಕ್ಕೇ ಹೋದ ವರ್ಷ ಆಗಿದ್ದು ಅಷ್ಟು ಬೇಜಾರಾಯ್ತು.

ಗಿಗ್ ದಿನ. ಮೊದಲನೇ ಹಾಡಿನ ಶುರುವಲ್ಲಿ ಎಂಟು ಬಾರ್ (ತಾಳದ ಎಂಟು ಸುತ್ತು) ನನ್ನ ಗಿಟಾರ್ ಒಂದೇ, ಚೆನ್ನಾಗೇ ಇತ್ತು. ಕೀಬೋರ್ಡ್ ಸೇರ್ಕೊಂಡ ಕೂಡ್ಲೇ ಕಿವಿಗೆ ಏನೋ ಚುಚ್ಚೋಕೆ ಶುರುವಾಯ್ತು. ಹಾಡೋಳು ತಿರುಗಿ ನನ್ನನ್ನೇ ನೋಡಿದ್ಳು. ಹಾಡು ಮುಗಿದ ತಕ್ಷಣ ಚೆಕ್ ಮಾಡ್ದೆ, ಆರಕ್ಕೆ ಆರೂ ಹಸಿರು. ಎರಡನೇ ಹಾಡು, ಮತ್ತೆ ಅದೇ. ನಾನೂ ಕೀಬೋರ್ಡ್ ನುಡಿಸೋನೂ ಒಂದೇ ಎ ಸ್ವರ ಹಿಡಿದಾಗ ಸ್ವರ ನಿಲ್ಲದೆ ವಾಂವ್ ವಾಂವ್ ವಾಂವ್ ಅಂತ ಅಲೆ ಅಲೆಯಾಗಿ ಬರ್ತಿತ್ತು. ಮಧ್ಯದ ಬ್ರೇಕಲ್ಲಿ ಬೇಸ್ ನುಡಿಸೋ ಗೆಳೆಯ ಬಂದು "ಲೋ, ಆ ಮೂಲೇಲಿರೋ ನಂಬರ್ ಎಷ್ಟಿದೆ ನೋಡೋ" ಅಂದ. ನೋಡಿದ್ರೆ 437.

ಟ್ಯೂನರ್ ಯಾವ ಎ ಸ್ವರವನ್ನ ಅಳತೆಗೋಲಾಗಿ ಇಟ್ಕೊಂಡಿದೆ ಅಂತ ಹೇಳೋ ನಂಬರ್ ಅದು. ಎ ಸ್ವರ ಅಂದ್ರೆ ಸಾಮಾನ್ಯವಾಗಿ 440 ಹರ್ಟ್ಜ್, ಕೀಬೋರ್ಡು, ಬೇಸು ಎಲ್ಲ ಅದಕ್ಕೇ ಇದ್ವು. 437 ಅಂದ್ರೆ ಸುಮಾರು 12 ಸೆಂಟ್ ಕೆಳಗೆ, ಅಂದ್ರೆ ಅರ್ಧ ಸ್ವರದಲ್ಲಿ ಎಂಟನೇ ಒಂದು ಭಾಗ. ಕೇಳೋಕೆ ಸಣ್ಣದು, ಆದ್ರೆ ಬೇರೆ ವಾದ್ಯದ ಜೊತೆ ಅದು ಅಪಸ್ವರವೇ. ಮೋಸ ಏನಂದ್ರೆ ಆರೂ ತಂತಿ ಒಂದೇ ಅಳತೇಲಿ ಇಳಿದಿರತ್ತೆ, ಹಾಗಾಗಿ ಒಬ್ಬನೇ ನುಡಿಸಿದ್ರೆ ಗಿಟಾರ್ ತನಗೆ ತಾನು ಸರಿಯಾಗೇ ಕೇಳತ್ತೆ. ಎಷ್ಟು ಸಲ ಟ್ಯೂನ್ ಮಾಡಿದ್ರೂ ಅದೇ ತಪ್ಪಿಗೆ ವಾಪಸ್ ಬರ್ತೀರ.

ಇದು ಆಗೋದು ಹೇಗೆ ಅಂದ್ರೆ, ಈ ನಂಬರ್ ಬದಲಿಸೋ ಕ್ಯಾಲಿಬ್ರೇಶನ್ ಬಟನ್ ಕ್ಲಿಪ್‌ನ ಪಕ್ಕದಲ್ಲಿ ಉಬ್ಬಿಕೊಂಡಿದೆ, ಪವರ್ ಬಟನ್ನಿಗೆ ಅಂಟಿಕೊಂಡೇ. ಬ್ಯಾಗಲ್ಲಿ ಕೇಬಲ್ಲು ಕ್ಯಾಪೋ ಒತ್ತಿದ್ರೆ ಎರಡೂ ಒತ್ತಿಹೋಗತ್ತೆ. ಒಂದು ಸಲ ಮುಟ್ಟಿದ್ರೆ ನಂಬರ್ ಬದಲು, ಆಫ್ ಮಾಡಿದ್ರೂ ಅದನ್ನ ನೆನಪಿಟ್ಕೊಳ್ಳತ್ತೆ, ತೋರಿಸೋದು ಮಾತ್ರ ಇರುವೆ ತಲೆಯಷ್ಟು ಅಕ್ಷರದಲ್ಲಿ. 442ಕ್ಕೆ ನುಡಿಸೋ ಆರ್ಕೆಸ್ಟ್ರಾಗಳಿವೆ, ಅಂಥವರಿಗೆ ಈ ಸೌಲಭ್ಯ ಬೇಕು, ಒಪ್ತೀನಿ. ಆದ್ರೆ ಎರಡು ಸೆಕೆಂಡ್ ಒತ್ತಿ ಹಿಡಿದ್ರೆ ಮಾತ್ರ ಬದಲಾಗೋ ಹಾಗೆ ಮಾಡೋಕೆ ಏನಾಗಿತ್ತು? ಸ್ಟೇಜ್ ಮೇಲೆ ನಿಲ್ಲೋ ಮನುಷ್ಯನ ಬಗ್ಗೆ ಯೋಚನೆ ಮಾಡದೇ ಮಾಡಿರೋ ಡಿಸೈನ್ ಇದು, ಇವತ್ತಿಗೂ ನನಗೆ ಸಿಟ್ಟಿದೆ.

ಆ ಸಿಟ್ಟಲ್ಲೇ ಬೇಸ್ ಗೆಳೆಯನ ಹತ್ರ ಒಂದು ಪೆಡಲ್ ಟ್ಯೂನರ್ (ನೆಲದ ಮೇಲಿಟ್ಟು ಗಿಟಾರ್ ಕೇಬಲ್ ಸಿಕ್ಕಿಸೋದು) ಇಸ್ಕೊಂಡು ಒಂದು ತಿಂಗಳು ಬಳಸ್ದೆ. 1998ರಲ್ಲಿ ಬಾಸ್ ಕಂಪನಿಯ ಟಿಯು-2 ಪೆಡಲ್ ಬಂದಾಗಿಂದ ಸ್ಟೇಜ್‌ಗಳಲ್ಲಿ ಇಂಥ ಪೆಡಲ್ ಯಾಕೆ ಇಷ್ಟು ಕಾಣಿಸ್ತವೆ ಅಂತ ಒಂದೇ ದಿನದಲ್ಲಿ ಗೊತ್ತಾಯ್ತು. ಕಾಲಲ್ಲಿ ಒತ್ತಿದ್ರೆ ಆಂಪ್‌ಗೆ ಸದ್ದೇ ಹೋಗಲ್ಲ, ಟ್ಯೂನ್ ಮಾಡೋದು ಜನಕ್ಕೆ ಕೇಳ್ಸಲ್ಲ. ಕತ್ತಲಲ್ಲೂ ನೆಲದಿಂದ ದೀಪ ಚೆನ್ನಾಗಿ ಕಾಣತ್ತೆ. ಬರೀ ಎಲೆಕ್ಟ್ರಿಕ್ ನುಡಿಸೋರಾದ್ರೆ ಕಣ್ಮುಚ್ಕೊಂಡು ಪೆಡಲ್ ತಗೊಳ್ಳಿ.

ನನ್ನ ಕಥೆ ಬೇರೆ. ನನ್ನ ಅಕೌಸ್ಟಿಕ್‌ಗೆ ಪಿಕಪ್ (ತಂತಿ ಸದ್ದನ್ನ ಕೇಬಲ್ಲಿಗೆ ಕಳಿಸೋ ಭಾಗ) ಇಲ್ಲ, ಜ್ಯಾಮ್ ಅಂದ್ರೆ ಬಹಳ ಸಲ ಅದನ್ನೇ ಎತ್ಕೊಂಡು ಹೋಗ್ತೀನಿ, ಕೇಬಲ್ ಸಿಕ್ಕಿಸೋಕೇ ಜಾಗ ಇಲ್ಲದಿದ್ರೆ ಪೆಡಲ್ ಇಟ್ಕೊಂಡು ಏನ್ ಮಾಡ್ಲಿ? ಒಂದು ಪೆಡಲ್ ದುಡ್ಡಲ್ಲಿ ಇಂಥ ಕ್ಲಿಪ್ ಮೂರೋ ನಾಲ್ಕೋ ಬರತ್ತೆ, ಎರಡನ್ನೂ ಇಟ್ಕೊಳ್ಳೋಷ್ಟು ಬಜೆಟ್ ಈಗ ಇಲ್ಲ. ಪೆಡಲ್ ವಾಪಸ್ ಕೊಟ್ಟು ಕ್ಲಿಪ್‌ಗೇ ಮರಳ್ದೆ. ಹಾಗೆ ನೋಡಿದ್ರೆ ಪಾಪ, ಉಳಿದ ಎಲ್ಲಾದ್ರಲ್ಲೂ ಅದು ಕೈ ಕೊಟ್ಟಿಲ್ಲ. ಎರಡು ಸಲ ಕೆಳಗೆ ಬಿದ್ದಿದೆ, ಏನೂ ಆಗಿಲ್ಲ. ಸಿಆರ್2032 ನಾಣ್ಯದಂಥ ಸೆಲ್ಲು ನನ್ನ ಬಳಕೆಗೆ ಏಳೆಂಟು ತಿಂಗಳು ಬರತ್ತೆ (ಮನೇಲಿ ಚಿಕ್ಕ ಮಕ್ಕಳಿದ್ರೆ ಹಳೇ ಸೆಲ್ ಎಲ್ಲೆಂದ್ರಲ್ಲಿ ಬಿಡ್ಬೇಡಿ, ನುಂಗಿದ್ರೆ ಪ್ರಾಣಕ್ಕೇ ಅಪಾಯ). ಬಿಸಿಲಲ್ಲಿ ಸ್ಕ್ರೀನ್ ಅಷ್ಟಕ್ಕಷ್ಟೇ. ಬೇಸ್ ಆಂಪ್ ಪಕ್ಕದಲ್ಲೇ ನಿಂತ್ರೆ ಅದರ ಅದುರು ಗಿಟಾರಿಗೂ ಹತ್ತಿ ಆರನೇ ತಂತಿಗೆ ಮುಳ್ಳು ಕುಣಿಯತ್ತೆ, ಆಗ ಉಳಿದ ತಂತಿಗಳನ್ನ ಅಂಗೈಯಲ್ಲಿ ಮುಚ್ಚಿ ಹನ್ನೆರಡನೇ ಫ್ರೆಟ್ ಮೇಲೆ ಹಾರ್ಮೋನಿಕ್ ಮೀಟಿ (ತಂತಿ ಒತ್ತದೆ ಬೆರಳು ತಾಗಿಸಿ ಮೀಟೋದು), ತಟ್ಟನೆ ನಿಲ್ಲತ್ತೆ.

ಹೊಸದಾಗಿ ತಗೊಳ್ಳೋರು ಅಂಗಡೀಲಿ ಮಾಡಬೇಕಾದ್ದು ಒಂದೇ ಕೆಲಸ: ಕ್ಯಾಲಿಬ್ರೇಶನ್ ಬಟನ್ನನ್ನ ಒಂದು ಸಲ ಸುಮ್ನೆ ಮುಟ್ಟಿ. ನಂಬರ್ ಬದಲಾಯ್ತು ಅಂದ್ರೆ ಬೇರೆ ಮಾಡೆಲ್ ನೋಡಿ. ನಾನಂತೂ 440ಕ್ಕೆ ಇಟ್ಟು, ಆ ಬಟನ್ ಸುತ್ತ ಎರಡು ಪದರ ದಪ್ಪ ಟೇಪ್ ಕಟ್ಟೆ ಹಾಗೆ ಅಂಟಿಸಿ, ಮೇಲೊಂದು ತುಂಡು ಮುಚ್ಚಿದೀನಿ. ಅದಾದ ಮೇಲೆ ಒಂದು ಸಲವೂ ನಂಬರ್ ಅಲುಗಿಲ್ಲ, ಆದ್ರೂ ಆನ್ ಮಾಡಿದ ಕೂಡ್ಲೇ ಕಣ್ಣು ಮೊದಲು ಆ ಮೂಲೆಗೇ ಹೋಗತ್ತೆ. ಟೇಪಿನ ಅಂಚು ಈಗ ಸ್ವಲ್ಪ ಎದ್ದಿದೆ, ಶನಿವಾರದ ಗಿಗ್‌ಗೆ ಮುಂಚೆ ಹೊಸದು ಹಾಕ್ಬೇಕು.